ಈಜೋ ಹುಡುಗಿ ಭುಜ ಬಿಗಿ ಐತೋ ಸಡ್ಲ ಐತೋ, ಮನ್ಯಾಗ ಅಳಿಯೂದ ಹೆಂಗ್ರಿ?

ಪ್ರಶ್ನೆ (ತಾಯಿ, ಟಿಳಕವಾಡಿ, ಬೆಳಗಾವಿ): ನಮಸ್ಕಾರ ಡಾಕ್ಟ್ರ. ಮಗಳಿಗೆ 13 ವರ್ಷ, ದಿನಾ ಮುಂಜಾನೆ ಎರಡ ತಾಸ ಈಜತಾಳ, ಫ್ರೀಸ್ಟೈಲ್ ಮತ್ತ ಬಟರ್‌ಫ್ಲೈ. ಕೋಚ್ ಸರ್ ಭುಜ ಬಿಗಿ ಅದಾವ ಅಂತ್ಹೇಳಿ ಇನ್ನೊಂದ ಹುಡುಗಿ ಕಡಿಂದ ಎರಡೂ ಕೈ ಹಿಂದಕ್ಕ ಜಗ್ಗಸ್ತಾರ, ಆದ್ರ ಒಮ್ಮೆನೂ ಯಾರೂ ಅಳದ ನೋಡಿಲ್ರಿ. ಬೆನ್ನ ಹಿಂದ ಒಂದ ಕೈ ಮ್ಯಾಲಿಂದ ಒಂದ ಕೆಳಗಿಂದ ತಂದ ಬೆರಳ ಕೂಡಸ್ತಾಳ, ಅಷ್ಟ ಸಾಕಲ್ರಿ?

ಉತ್ತರ (ಫಿಜಿಯೋ): ಅಕ್ಕಾರ, ಮೊದಲ ಆ ಜಗ್ಗೂದ ಬಂದ್ ಮಾಡಸ್ರಿ. ಹಂಗ ಜಗ್ಗಿದ್ರ ಕೀಲಿನ ಮುಂದಿನ ಕಡೆ ಇರೂ ಕಟ್ಟು ಹಿಗ್ಗತಾವ, ಅವು ಹಿಗ್ಗಬಾರದು. ಇನ್ನ ಬೆರಳ ಕೂಡಸೂದ್ರಾಗ ಭುಜ, ಹೆಗಲ ಹಲಗಿ, ಬೆನ್ನ, ಮೊಣಕೈ ಎಲ್ಲಾ ಕಲಸಿ ಹೋಗತಾವ್ರಿ, ಯಾವದ ಬಿಗಿ ಅಂತ ತಿಳಿಯೂದಿಲ್ಲ.

ಹಿಂಗ ಮಾಡ್ರಿ. ಈಜಾಕ ಹೋಗೂಕಿಂತ ಮೊದಲ (ಈಜಿ ಬಂದಮ್ಯಾಲ ಮೈ ಬೆಚ್ಚಗಾಗಿ ಲೆಕ್ಕ ಬ್ಯಾರೆ ಬರತೈತಿ) ಚಾಪಿ ಮ್ಯಾಲ ಅಂಗಾತ ಮಲಗಸ್ರಿ. ಕೈ ಭುಜದ ಮಟ್ಟಕ್ಕ ಅಡ್ಡ ಚಾಚಿ, ಮೊಣಕೈ ಮಡಚಿ ಮುಂಗೈ ಛತ್ತಿನ ಕಡೆ ನೆಟ್ಟಗ ನಿಲ್ಲಸ್ಬೇಕು, ಅದು ಸೊನ್ನೆ. ಅಲ್ಲಿಂದ ತಲಿ ಕಡೆ ಎಷ್ಟ ಬಾಗತೈತಿ, ಕಾಲ ಕಡೆ ಎಷ್ಟ ಬಾಗತೈತಿ ನೋಡ್ರಿ. ನಾವ್ ಗೋನಿಯೋಮೀಟರ್ (ಕೀಲ ಎಷ್ಟ ಡಿಗ್ರಿ ಬಾಗತೈತಿ ಅಂತ ಅಳಿಯೂ ಪಟ್ಟಿ) ಹಿಡಿತೇವಿ, ನಿಮಗ ಮುಂಗೈ ಮ್ಯಾಲ ಮೊಬೈಲ್ ಇಟ್ಟ ಲೆವೆಲ್ ಆ್ಯಪ್ ನೋಡಿದ್ರ ಸಾಕು. ಕಾಲ ಕಡೆ ಬಾಗಸುವಾಗ ಭುಜದ ಮುಂದ ಅಂಗೈ ಒತ್ತಿ ಹಿಡೀರಿ, ಭುಜ ಮ್ಯಾಲ ಏಳಾಕ ಸುರು ಮಾಡಿತು ಅಂದ್ರ ಅಲ್ಲೇ ನಿಲ್ಲಸ್ರಿ, ಇಲ್ಲಾಂದ್ರ ಸುಮ್ಮನ ಹೆಚ್ಚ ಡಿಗ್ರಿ ತೋರಸ್ತೈತಿ, ಎಲ್ಲಾರೂ ತಪ್ಪೂದ ಇಲ್ಲೇ.

ಸಾಮಾನ್ಯವಾಗಿ ತಲಿ ಕಡೆ 90, ಕಾಲ ಕಡೆ 70 ಅಂತಾರ. ಈಜೋರಿಗೆ ಮೊದಲಿಂದು ಹೆಚ್ಚು ಎರಡನೇದು ಕಮ್ಮಿ ಇರೂದುಂಟು, ಗಾಬರಿ ಬ್ಯಾಡ. ಎರಡೂ ಕೂಡಸಿ ಎಡಗೈ ಬಲಗೈ ಹೋಲಸ್ರಿ. 5 ಡಿಗ್ರಿ ಫರಕು ಅಂದ್ರ ಅಳಿಯೂದ್ರಾಗಿನ ಹೆಚ್ಚುಕಮ್ಮಿ ಅಷ್ಟ. ಕಾಲ ಕಡೆ ಬಾಗೂದು ಒಂದ ಕೈಯಾಗ 20ರಷ್ಟ ಕಡಿಮಿ ಇದ್ದು ಮೊತ್ತಾನೂ ಇಳದಿತ್ತಂದ್ರ ಬಂದ ತೋರಸ್ರಿ. ಮತ್ತ ಕೀಲ ಸಡ್ಲ ಅದಾವೇನು ತಿಳಿಯಾಕ, ಹೆಬ್ಬೆರಳ ಮುಂಗೈಗೆ ಹತ್ತತೈತೇನು, ಮೊಣಕೈ ಹಿಂದಕ್ಕ ಬಾಗತೈತೇನು ಅದನ್ನೂ ನೋಡಿ ಬರೀರಿ.

ಇನ್ನೊಬ್ರು (ಬಾಗಲಕೋಟಿ): ಸರ, ನಾ ಗೋಕರ್ಣಕ್ಕ ಹೋಗಿ ಸರ್ಫಿಂಗ್ ಕಲಿಯಾಕ ಹತ್ತೇನಿ, ಬೋರ್ಡ್ ಮ್ಯಾಲ ಬೋರಲ ಮಲಗಿ ಕೈ ಹೊಡದ ಹೊಡದ ಭುಜ ಹಿಡಕೋತಾವ. ನನಗೂ ಇದ ಅಳತಿನ?

ಉತ್ತರ: ಅದೂ ಮಾಡ್ರಿ, ಆದ್ರ ನಿಮಗ ಬೆನ್ನಿನ ಮ್ಯಾಲಿನ ಭಾಗನ ಮುಖ್ಯ. ಎದಿ ಎತ್ತಿ ಹಿಡದ ಕೈ ಹೊಡಿಯೂ ಆಟ ಅದು, ದಿನಾ ಲ್ಯಾಪ್‌ಟಾಪ್ ಮುಂದ ಬಗ್ಗಿ ಕುಂತ ಬೆನ್ನ ಸೆಟದಿದ್ರ ಆ ಕೆಲಸಾನೂ ಭುಜದ ಮ್ಯಾಲ ಬೀಳತೈತಿ. ಬೋರಲ ಮಲಗಿ ಗದ್ದ, ಎದಿ ನೆಲಕ್ಕ ಹತ್ತಿಸಿ, ಎರಡೂ ಕೈ ಮುಂದ ಚಾಚಿ ಜೋಡಸಿ, ಮೊಣಕೈ ಮಡಚದ ಮ್ಯಾಲ ಎತ್ತರಿ. ನೆಲದಿಂದ ಹೆಬ್ಬೆರಳಿಗೆ ಎಷ್ಟ ಸೆಂಟಿಮೀಟರ್ ಅಂತ ಬರದ ಇಡ್ರಿ, ತಿಂಗಳ ಬಿಟ್ಟ ಮತ್ತ ಅಳದ ನಿಮ್ಮ ಹಳೆ ಲೆಕ್ಕಕ್ಕ ಹೋಲಸ್ರಿ. ಈಜೋರಿಗೂ ಇದ ಚಲೋ ಪರೀಕ್ಷೆ.

ತಾಯಿ: ಡಾಕ್ಟ್ರ, ಅಳದ್ವಿ. ಬಲಗೈ 102 ಮತ್ತ 55, ಎಡಗೈ 98 ಮತ್ತ 60. ಹೆಬ್ಬೆರಳ ಎರಡೂ ಹತ್ತತಾವ, ಮೊಣಕೈ ಹಿಂದಕ್ಕ ಬಾಗತಾವ!

ಉತ್ತರ: ಮೊತ್ತ 157, 158. ಬಿಗಿ ಎಲ್ಲೈತ್ರಿ ಅಕ್ಕಾರ, ಅಕಿ ಕೀಲ ಹುಟ್ಟಿನಿಂದನ ಸಡ್ಲ ಇದ್ದಂಗ ಕಾಣತೈತಿ. ಜಗ್ಗೂದಲ್ಲ, ಬಲ ಬರಸ್ಬೇಕು: ರಬ್ಬರ್ ಬ್ಯಾಂಡ್ ಹಿಡದ ಮುಂಗೈ ಹೊರಗ ತಿರಗಸೂದು, ಹೆಗಲ ಹಲಗಿ ಹಿಂದಕ್ಕ ಒತ್ತೂದು, ವಾರಕ್ಕ ಮೂರ ದಿನ. ನೋವು ಐತೇನು, ರಾತ್ರಿ ಆ ಮಗ್ಗಲಕ್ಕ ಮಲಗಾಕ ಆಗತೈತಿಲ್ಲೋ ಕೇಳ್ರಿ, ಆಗೂದಿಲ್ಲಂದ್ರ ತಡಾ ಮಾಡಬ್ಯಾಡ್ರಿ.

ತಾಯಿ: ನೋವಿಲ್ರಿ. ಕೋಚ್ ಸರ್‌ಗೆ ಹೆಂಗ ಹೇಳೂದ್ರಿ, ಸಿಟ್ಟಾಗ್ತಾರ.

ಉತ್ತರ: ಈ ಲೆಕ್ಕ ಒಂದ ಹಾಳಿ ಮ್ಯಾಲ ಬರದ ಕೊಡ್ರಿ. ಬೇಕಂದ್ರ ಅವರ ಮುಂದನ ಇನ್ನೊಮ್ಮೆ ಅಳಿಯೂಣು.