ತಿರುವಿನಲ್ಲಿ 1 ಜಿ: ನಮ್ಮ ಕಾಸರಗೋಡಿನ ರಸ್ತೆಗೆ ಎಷ್ಟು ಲೆಕ್ಕ ಹಿಡಿಯುವುದು?

ಬದಿಯಡ್ಕದಿಂದ, ಕೇಳಿದ್ದು: ಸೆಕೆಂಡ್‌ಹ್ಯಾಂಡ್ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಎಂಜಿನ್ ಸೀಟಿನ ಹಿಂದೆ, ಡ್ರೈವ್ ಹಿಂದಿನ ಚಕ್ರಕ್ಕೆ, ತೂಕ ಸುಮಾರು 1400 ಕಿಲೋ. ತಿರುವಿನಲ್ಲಿ 1 ಜಿ, ಅಂದರೆ ಕಾರಿನ ತೂಕದಷ್ಟೇ ಪಕ್ಕದ ಬಲ, ತಡೆಯುತ್ತದೆ ಅಂತ ಎಲ್ಲ ಕಡೆ ಬರೆದಿದ್ದಾರೆ. ಮುಳ್ಳೇರಿಯ ಕಡೆಯ ತಿರುವಿನಲ್ಲಿ ಫೋನಿನ ಆ್ಯಪ್ 0.6 ತೋರಿಸುವಾಗಲೇ ಮುಂದಿನ ಚಕ್ರ ಹೊರಕ್ಕೆ ಜಾರುತ್ತದೆ. ಟಯರ್ ಸವೆದಿಲ್ಲ. ಅಗಲದ ಟಯರ್ ಹಾಕಿಸಲೋ, ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಲೋ?

ಉಪ್ಪಳದಿಂದ: ಮೊದಲು ಲೆಕ್ಕ ನೋಡಿ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿ, ಬಂದದ್ದನ್ನು 9.81ರಿಂದ ಭಾಗಿಸಿದರೆ ಜಿ ಸಿಗುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿಮೀ ಅಂದರೆ 0.25 ಜಿ, 60 ಅಂದರೆ 0.57, 80 ಅಂದರೆ ಸರಿಯಾಗಿ 1. 60ಕ್ಕೂ 70ಕ್ಕೂ ನಡುವೆಯೇ 0.2 ಜಿ ಏರಿಬಿಡುತ್ತದೆ, ಕಾಲಿಗೆ ಅದು ಗೊತ್ತಾಗುವುದಿಲ್ಲ.

ಆ 1 ಜಿ ಅಳೆಯುವುದು ಒಣ, ಸಮತಟ್ಟು ನೆಲದಲ್ಲಿ, ಒಂದೇ ವೃತ್ತವನ್ನು ಸುತ್ತುತ್ತಾ. 30 ಮೀಟರ್ ತ್ರಿಜ್ಯದ ವೃತ್ತವನ್ನು 11 ಸೆಕೆಂಡಿಗೆ ಸುತ್ತಿದರೆ 1 ಜಿ, 12 ಸೆಕೆಂಡ್ ಹಿಡಿದರೆ 0.84. ನಮ್ಮ ರಸ್ತೆಗೆ ಆ ಭಾಗ್ಯ ಎಲ್ಲಿದೆ ಮಾರಾಯ್ರೆ? ಕೆಂಪುಕಲ್ಲಿನ ಲಾರಿ ಉದುರಿಸಿದ ಮಣ್ಣು, ಪಾಚಿ ಕಟ್ಟಿದ ಅಂಚು. ಮೊದಲ ಮಳೆಗೆ ಬೇಸಗೆಯ ಧೂಳೂ ಎಣ್ಣೆಯೂ ಒಟ್ಟು ಸೇರಿ ಸಾಬೂನಿನ ಹಾಗೆ ಆಗುತ್ತದೆ. ರಸ್ತೆ ಹೊರಕ್ಕೆ 4 ಶೇಕಡಾ ವಾಲಿದ್ದರೆ ಅದೇ 0.04 ಜಿ ತಿನ್ನುತ್ತದೆ.

ಫೋನನ್ನೂ ಪೂರ್ತಿ ನಂಬಬೇಡಿ. ಕಾರು 3 ಡಿಗ್ರಿ ಹೊರಕ್ಕೆ ವಾಲಿದರೆ ಅದು 0.05 ಜಿ ಹೆಚ್ಚು ತೋರಿಸುತ್ತದೆ. ನಿಮ್ಮ 0.6 ನಿಜಕ್ಕೆ 0.55 ಇರಬಹುದು.

ಕುಂಬಳೆಯಿಂದ: ಸವೆದಿಲ್ಲ ಎಂದರೆ ಸಾಲದು, ವಯಸ್ಸು ನೋಡಿ. ಟಯರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಆಮೇಲಿನೆರಡು ವರ್ಷ. ಸ್ಪೋರ್ಟ್ಸ್ ಕಾರುಗಳು ಹೆಚ್ಚಾಗಿ ಶೆಡ್ಡಿನಲ್ಲೇ ಇರುತ್ತವೆ, ಟಯರಿನ ಗೀರು (ಟ್ರೆಡ್) ಹಾಗೇ ಇರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಉಗುರು ಒತ್ತಿದರೆ ಗುರುತು ಬೀಳದಿದ್ದರೆ ಅನುಮಾನ ಪಡಿ.

ಎರಡನೆಯದು ಗಾಳಿ. ಬಂಕಿನಲ್ಲಿ ನಾಲ್ಕಕ್ಕೂ ಒಂದೇ ಅಳತೆ ಹೊಡೆದುಬಿಡುತ್ತಾರೆ. ಎಂಜಿನ್ ಹಿಂದಿರುವ ಕಾರಿಗೆ ಸಾಮಾನ್ಯವಾಗಿ ಮುಂದೆ ಕಡಿಮೆ, ಹಿಂದೆ ಜಾಸ್ತಿ ಬೇಕು. ಅಳತೆ ಬಾಗಿಲ ಕಂಬದ ಅಥವಾ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿದೆ. ಮುಂದೆ ಗಾಳಿ ಹೆಚ್ಚಾದರೆ ಟಯರಿನ ನಡುಭಾಗ ಮಾತ್ರ ನೆಲಕ್ಕೆ ಒತ್ತುತ್ತದೆ, ಮೂತಿ ಹೊರಕ್ಕೆ ಓಡುತ್ತದೆ, ನೀವು ಹೇಳಿದ ಹಾಗೆಯೇ. ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಅಳೆಯಿರಿ. ಓಡಿದ ಮೇಲೆ 4–5 ಪಿಎಸ್‌ಐ ಏರುವುದು ಸಹಜ, ಆಗ ಇಳಿಸಬೇಡಿ.

ಮಂಜೇಶ್ವರದಿಂದ: ನಾನಾದರೆ ಅಗಲದ ಟಯರನ್ನೇ ಹಾಕಿಸುವೆ. ನೆಲಕ್ಕೆ ಹೆಚ್ಚು ರಬ್ಬರ್, ಹೆಚ್ಚು ಹಿಡಿತ.

ಉಪ್ಪಳದಿಂದ: ಒಣ ಟ್ರ್ಯಾಕಿಗೆ ಸರಿ. ಆದರೆ ಮಳೆಗಾಲದಲ್ಲಿ ಅಗಲದ ಟಯರ್ ನೀರಿನ ಮೇಲೆ ಬೇಗ ತೇಲುತ್ತದೆ, ಅದೂ ಗೀರಿನ ಆಳ 3 ಮಿಮೀಗಿಂತ ಕಡಿಮೆಯಾದರೆ. ಕಾನೂನಿಗೆ 1.6 ಮಿಮೀ ಸಾಕು, ನಮ್ಮ ಆಟಿ ತಿಂಗಳ ಮಳೆಗೆ ಸಾಲದು.

ತಗ್ಗಿಸುವ ವಿಷಯಕ್ಕೆ ಬಂದರೆ, 1400 ಕಿಲೋ ಕಾರು 0.8 ಜಿಯಲ್ಲಿ ತಿರುಗುವಾಗ, ಭಾರಕೇಂದ್ರ ಅರ್ಧ ಮೀಟರ್ ಎತ್ತರ, ಚಕ್ರಗಳ ನಡುವೆ ಒಂದೂವರೆ ಮೀಟರ್ ಎಂದುಕೊಂಡರೆ, ಸುಮಾರು 370 ಕಿಲೋ ಭಾರ ಒಳಗಿನಿಂದ ಹೊರಗಿನ ಚಕ್ರಗಳಿಗೆ ಹೋಗುತ್ತದೆ. ಹೊರಗೆ 1070, ಒಳಗೆ 330. ಭಾರ ಎರಡು ಪಟ್ಟಾದರೆ ಟಯರಿನ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ. ಆದ್ದರಿಂದ ಭಾರ ಕೆಳಗಿದ್ದಷ್ಟು ಒಳ್ಳೆಯದು, ನಿಜ. ಆದರೆ 20 ಮಿಮೀ ತಗ್ಗಿಸಿದರೆ ಈ ಲೆಕ್ಕದಲ್ಲಿ ಉಳಿಯುವುದು 15 ಕಿಲೋ ಮಾತ್ರ. ಅದಕ್ಕಾಗಿ ರಸ್ತೆಯ ಹಂಪುಗಳಿಗೆಲ್ಲ ಹೊಟ್ಟೆ ಉಜ್ಜಿಸಿಕೊಳ್ಳುವುದೇ?

ಆದೂರಿನಿಂದ: ಓಡಿಸುವ ರೀತಿಯನ್ನೂ ಹೇಳಬೇಕು. ಬ್ರೇಕಿಗೂ ತಿರುವಿಗೂ ಟಯರಿನಲ್ಲಿರುವುದು ಒಂದೇ ಗಂಟು. 0.9 ಜಿ ಹಿಡಿತದಲ್ಲಿ 0.6 ಬ್ರೇಕಿಗೆ ಕೊಟ್ಟರೆ ತಿರುವಿಗೆ ಉಳಿಯುವುದು 0.67 (ಎರಡು ಬಲಗಳೂ ಒಂದಕ್ಕೊಂದು ಅಡ್ಡ, ಹಾಗಾಗಿ ನೇರ ಕಳೆಯದೆ ವರ್ಗಗಳನ್ನು ಕಳೆದು ವರ್ಗಮೂಲ ತೆಗೆಯಬೇಕು). ಅದಕ್ಕೇ ಬ್ರೇಕ್ ನೇರ ರಸ್ತೆಯಲ್ಲೇ ಮುಗಿಸಿ, ಸ್ಟಿಯರಿಂಗ್ ತಿರುಗಿಸುತ್ತಾ ಪೆಡಲನ್ನು ಮೆಲ್ಲ ಬಿಡಿ. ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗನ್ನು ಇನ್ನಷ್ಟು ಒಳಕ್ಕೆ ಎಳೆಯಬೇಡಿ. ಒಂಚೂರು ಸಡಿಲ ಬಿಟ್ಟು ಆಕ್ಸಿಲರೇಟರ್ ನಿಧಾನಕ್ಕೆ ಇಳಿಸಿ. ಫಕ್ಕನೆ ಕಾಲು ಎತ್ತಿದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಹಗುರವಾಗಿ, ನಿಮ್ಮಂಥ ಕಾರು ಬುಗುರಿಯಂತೆ ತಿರುಗುತ್ತದೆ. ಇಎಸ್‌ಸಿ (ಕಾರು ಜಾರದಂತೆ ತಾನಾಗಿ ಹಿಡಿದಿಡುವ ವ್ಯವಸ್ಥೆ) ಆಫ್ ಮಾಡಿ ಮಿತಿ ನೋಡಬೇಕೆಂದಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ. ಅಲ್ಲಿ ಎದುರಿಂದ ಬಸ್ಸು ಬರುವುದಿಲ್ಲ. ಹೋಗುವ ಮೊದಲು ಎಂಜಿನ್ ಆಯಿಲ್ ಮೇಲಿನ ಗುರುತಿನವರೆಗೆ ಇರಲಿ. ಉದ್ದದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗದೆ ಹೋಗಬಹುದು.

ಬದಿಯಡ್ಕದಿಂದ: ಈಗ ನೋಡಿದೆ. ಮುಂದಿನ ಎರಡರಲ್ಲಿ 1816, ಹಿಂದಿನವು 2021ರವು, ಬೇರೆ ಕಂಪನಿ. ಗಾಳಿ ನಾಲ್ಕಕ್ಕೂ 36.

ಕುಂಬಳೆಯಿಂದ: ಹಾಗಾದರೆ ಮುಂದಿನವು 2016ರ 18ನೇ ವಾರದವು. ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ನಾಲ್ಕನ್ನೂ ಒಂದೇ ಮಾದರಿಗೆ, ಕಂಪನಿ ಹೇಳಿದ ಅಳತೆಗೇ ಬದಲಿಸಿ, ಅದೇ ದಿನ ಅಲೈನ್‌ಮೆಂಟ್ ಮಾಡಿಸಿ, ಪ್ರಿಂಟ್ ಕೇಳಿ ಪಡೆಯಿರಿ. ಮೊದಲ 200–300 ಕಿಮೀ ಮೆಲ್ಲ ಓಡಿಸಿ, ಹೊಸ ರಬ್ಬರಿನ ಮೇಲ್ಪದರ ಹೋಗುವವರೆಗೆ ಅದೂ ಜಾರುತ್ತದೆ.