ತೋಟದ ಹಳೇ ಮನೆಗೆ ವೈರ್‌ಲೆಸ್ ಬಾಗಿಲು ಸೆನ್ಸರ್: ಯಾವುದು ತಗೊಳ್ಳಲಿ?

ಕಾಫಿಕಣ:
ನಮಸ್ಕಾರ. ನಾವಿರುವುದು ಮೈಸೂರಿನಲ್ಲಿ. ಅಪ್ಪ ಅಮ್ಮ ಕೊಡಗಿನ ನಾಪೋಕ್ಲು ಕಡೆ ತೋಟದ ಮನೆಯಲ್ಲಿ ಇಬ್ಬರೇ. ಹೆಂಚಿನ ಮನೆ, ದಪ್ಪ ಮಣ್ಣಿನ ಗೋಡೆ. ಮುಂದೆ ಜೋಡಿ ಬಾಗಿಲು, ಹಿಂದೆ ಅಡುಗೆಮನೆ ಬಾಗಿಲು. ಕಿಟಕಿಗಳೆಲ್ಲ ಮರದ್ದು, ಒಳಗೆ ಕಬ್ಬಿಣದ ಸರಳು. ಪಕ್ಕದ ಕೋಣೆಯಲ್ಲಿ ಒಣಗಿಸಿದ ಕರಿಮೆಣಸಿನ ಮೂಟೆ ಇರುತ್ತದೆ. ಅದನ್ನು ಬರೀ ಬೀಗದ ಮೇಲೆ ಬಿಟ್ಟು ಮಲಗಲು ಅಪ್ಪನಿಗೆ ಧೈರ್ಯ ಇಲ್ಲ. ನಾಯಿ ಇದೆ, ಆದರೆ ಅದು ಕಾಡುಹಂದಿಗೂ ಬೊಗಳುತ್ತದೆ, ಪೋಸ್ಟ್‌ಮ್ಯಾನ್‌ಗೂ ಬೊಗಳುತ್ತದೆ.

ವೈಫೈ ಸೆನ್ಸರ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ಸೆನ್ಸರ್‌ಗಳನ್ನು ಜೋಡಿಸುವ ಹಬ್ ಪೆಟ್ಟಿಗೆ ಕೂಡ ಬೇಡ. ಅಮೆರಿಕದಲ್ಲಿರುವ ಭಾವ ಝಡ್-ವೇವ್ ಅನ್ನುವ ಇನ್ನೊಂದು ಬಗೆಯ ವೈರ್‌ಲೆಸ್ ಸೆಟ್ ತಂದುಕೊಡ್ತೀನಿ ಅಂದಿದ್ದಾರೆ. ಗೋಡೆ ಕೊರೆದು ವೈರ್ ಎಳೆಯಲು ಅಪ್ಪ ಒಪ್ಪಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮರುದಿನವೂ ಬಾರದೇ ಇರುವುದುಂಟು. ಏನು ಮಾಡಲಿ?

ಕುಶಾಲನಗರ_ಹುಡುಗ:
ವೈಫೈದೇ ತಗೊಳ್ಳಿ ಬ್ರೋ. ನಮ್ಮನೇಲಿ ಹಾಕಿದ್ದೇವೆ, ಬಾಗಿಲು ತೆಗೆದ ಕೂಡಲೇ ಮೊಬೈಲ್‌ಗೆ ಬರುತ್ತೆ. ಸುಮ್ನೆ ಯಾಕೆ ಜಾಸ್ತಿ ಖರ್ಚು?

ಗೋಣಿಕೊಪ್ಪ_ಫಿಟ್ಟರ್:
ಪೇಟೆ ಮನೆಗೆ ಅದು ಸರಿ. ತೋಟದ ಮನೆಗೆ ಬೇಡ. ನಾನು ಕ್ಯಾಮೆರಾ, ಅಲಾರಂ ಕೂರಿಸುವ ಕೆಲಸದವನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಸೆನ್ಸರ್ ಒಳಗೆ ಇರುವುದು ಪುಟ್ಟ ಗಾಜಿನ ಕೊಳವೆ, ಅದರಲ್ಲಿ ಎರಡು ತೆಳು ಲೋಹದ ಪಟ್ಟಿ. ರೀಡ್ ಸ್ವಿಚ್ ಅಂತಾರೆ. ಬಾಗಿಲಿಗೆ ಹಾಕಿದ ಆಯಸ್ಕಾಂತ ಹತ್ತಿರ ಬಂದರೆ ಪಟ್ಟಿಗಳು ಅಂಟಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಅಗ್ಗದ್ದರಲ್ಲೂ ದುಬಾರಿಯದ್ದರಲ್ಲೂ ಹೆಚ್ಚುಕಮ್ಮಿ ಇದೇ. ವ್ಯತ್ಯಾಸ ಇರುವುದು ಸುದ್ದಿ ಮುಟ್ಟಿಸುವ ರೀತಿಯಲ್ಲಿ.

ಕರೆಂಟ್ ಹೋದರೆ ರೂಟರ್ ಸತ್ತಿತು, ರೂಟರ್ ಸತ್ತರೆ ವೈಫೈ ಸೆನ್ಸರ್ ಮೂಕ. ಕಳ್ಳ ಬರುವುದೂ ಅಂಥ ರಾತ್ರಿಯೇ ಅಲ್ವಾ? ವೈಫೈಗೆ ಬ್ಯಾಟರಿಯೂ ಬೇಗ ಖಾಲಿ. ಜಿಗ್ಬೀ ಅಂತ ಇನ್ನೊಂದು ವೈರ್‌ಲೆಸ್ ಬಗೆ ಇದೆ, ಅದು ಬ್ಯಾಟರಿ ಉಳಿಸುತ್ತದೆ, ಆದರೆ ಅದೂ ವೈಫೈ ತರಹ 2.4 ಗಿಗಾಹರ್ಟ್ಸ್. ಮಣ್ಣಿನ ಗೋಡೆ ಎರಡು ಮೂರು ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಮಧ್ಯೆ ಸಿಗ್ನಲ್ ಮುಂದಕ್ಕೆ ದಾಟಿಸುವ ರಿಪೀಟರ್ ಆಗಲು ಪ್ಲಗ್‌ಗೆ ಹಾಕಿದ ಸಾಧನವೇ ಬೇಕು, ಬ್ಯಾಟರಿ ಸೆನ್ಸರ್ ಆ ಕೆಲಸ ಮಾಡಲ್ಲ. ಆ ಪ್ಲಗ್ ಇನ್ವರ್ಟರ್ ಲೈನ್‌ನಲ್ಲಿ ಇಲ್ಲದಿದ್ದರೆ ಕರೆಂಟ್ ಜೊತೆ ಅದೂ ಹೋಯಿತು.

433 ಮೆಗಾಹರ್ಟ್ಸ್‌ನ ಅಗ್ಗದ ಸೆಟ್‌ಗಳು ಗೋಡೆ ಚೆನ್ನಾಗಿ ದಾಟುತ್ತವೆ. ತೊಂದರೆ ಏನೆಂದರೆ, ಬಹಳಷ್ಟು ಒನ್-ವೇ. ಬಾಗಿಲು ತೆಗೆದಾಗ ಒಂದು ಸಲ ಕೂಗಿ ಸುಮ್ಮನಾಗುತ್ತವೆ, ಸುದ್ದಿ ಕೇಳಿ ಸೈರನ್ ಕೂಗಿಸುವ ಪ್ಯಾನೆಲ್‌ಗೆ ಕೇಳಿಸಿತೋ ಇಲ್ಲವೋ ಅವಕ್ಕೆ ಗೊತ್ತಾಗಲ್ಲ. ಬ್ಯಾಟರಿ ಪೂರ್ತಿ ಸತ್ತು ಬಿದ್ದಿದ್ದರೂ ಪ್ಯಾನೆಲ್ ‘ಎಲ್ಲ ಸರಿ’ ಅಂತಲೇ ತೋರಿಸುತ್ತದೆ. ನಾನು ಮೊದಲು ನೋಡುವುದೇ ಇದನ್ನು: ಸೆನ್ಸರ್ ಆಗಾಗ ತಾನೇ ‘ಇದ್ದೇನೆ’ ಅಂತ ಪ್ಯಾನೆಲ್‌ಗೆ ಹೇಳುತ್ತದಾ? ಬಾಕ್ಸ್ ಮೇಲೆ ಸೂಪರ್‌ವಿಷನ್ ಅಥವಾ ಹಾರ್ಟ್‌ಬೀಟ್ ಅಂತ ಇರಬೇಕು. ಕವರ್ ತೆಗೆದರೆ ಕೂಗುವ ಟ್ಯಾಂಪರ್ ಸ್ವಿಚ್ಚೂ ಇರಲಿ.

865ರಿಂದ 868 ಮೆಗಾಹರ್ಟ್ಸ್ ಒಳಗಿನ ಟೂ-ವೇ ಸೆಟ್ ಸಿಕ್ಕಿದರೆ ಅದನ್ನೇ ತಗೊಳ್ಳಿ. ನಮ್ಮಲ್ಲಿ ಆ ಬ್ಯಾಂಡ್‌ಗೆ ಲೈಸೆನ್ಸ್ ಬೇಡ. ಭಾವನ ಸೆಟ್ ಮಾತ್ರ ಬೇಡವೇ ಬೇಡ. ಅಮೆರಿಕದ ಝಡ್-ವೇವ್ 908 ಮೆಗಾಹರ್ಟ್ಸ್‌ನದ್ದು, ಇಲ್ಲಿ ಅದು ಮೊಬೈಲ್ ಕಂಪನಿಗಳ ಜಾಗ. ಇಲ್ಲಿನ ಝಡ್-ವೇವ್ ಹಬ್ ಜೊತೆ ಸೇರುವುದೂ ಇಲ್ಲ. ಚಾಕಲೇಟ್ ತರಲು ಹೇಳಿ.

ಪ್ಯಾನೆಲ್‌ಗೆ ಒಳಗೇ ಬ್ಯಾಟರಿ ಮತ್ತು ಸಿಮ್ ಇರಬೇಕು. ಬರೀ 2ಜಿ ಪ್ಯಾನೆಲ್‌ಗೆ ಜಿಯೋ ಸಿಮ್ ನಡೆಯಲ್ಲ, ಅವರಿಗೆ 2ಜಿ ಇಲ್ಲ. ಮನೆಯ ಯಾವ ಮೂಲೆಯಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೆ ಅಂತ ಅಪ್ಪನಿಗೆ ಗೊತ್ತಿರುತ್ತದೆ. ಪ್ಯಾನೆಲ್ ಅಲ್ಲೇ ಹಾಕಿ.

ಸೋಮವಾರಪೇಟೆ_ಅಕ್ಕ:
ಒಂದು ಮಾತು ಸೇರಿಸ್ತೀನಿ. ಅಮ್ಮ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಲು ಹಿಂಬಾಗಿಲು ತೆಗೀತಾರಲ್ವಾ? ಆ ಬಾಗಿಲಿಗೆ ಮೂವತ್ತು ಸೆಕೆಂಡ್ ಎಂಟ್ರಿ ಡಿಲೇ ಇಡಿ, ಅಂದರೆ ಬಾಗಿಲು ತೆಗೆದ ಮೇಲೆ ಸೈರನ್ ಅಷ್ಟು ಹೊತ್ತು ಕಾಯಲಿ. ಆ್ಯಪ್ ನಂಬಬೇಡಿ, ಕೈಯಲ್ಲಿ ಹಿಡಿಯುವ ರಿಮೋಟ್ ಕೊಡಿ. ನಮ್ಮ ಅತ್ತೆ ಎರಡು ಸಲ ಸೈರನ್ ಕೇಳಿ, ಮೂರನೇ ದಿನ ಪ್ಯಾನೆಲ್ ಪ್ಲಗ್ಗನ್ನೇ ಕಿತ್ತಿಟ್ಟಿದ್ದರು.

ಕಾಫಿಕಣ:
ಅಕ್ಕ, ಅಮ್ಮನೂ ಅದನ್ನೇ ಮಾಡ್ತಾರೆ, ಅನುಮಾನವೇ ಇಲ್ಲ. ರಿಮೋಟ್ ಇರುವ ಸೆಟ್ಟೇ ನೋಡ್ತೀನಿ. ಫಿಟ್ಟರ್ ಅಣ್ಣ, ಸೆನ್ಸರ್ ಅಂಟಿಸಿದರೆ ಸಾಕಾ, ಸ್ಕ್ರೂ ಬೇಕಾ? ಜೋಡಿ ಬಾಗಿಲಿಗೆ ಹೇಗೆ?

ಗೋಣಿಕೊಪ್ಪ_ಫಿಟ್ಟರ್:
ಸ್ಕ್ರೂ. ಜುಲೈ ತಿಂಗಳ ಥಂಡಿಗೆ ಡಬಲ್ ಟೇಪ್ ಪಾಲಿಶ್ ಮಾಡಿದ ಮರದ ಮೇಲೆ ನಿಲ್ಲಲ್ಲ, ಸೆನ್ಸರ್ ನೆಲದ ಮೇಲೆ ಸಿಗುತ್ತದೆ. ಮರ ಅಲ್ವಾ, ಸಣ್ಣ ಸ್ಕ್ರೂಗೆ ಅಪ್ಪ ಬೇಡ ಅನ್ನಲಿಕ್ಕಿಲ್ಲ.

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಪೂರ್ತಿ ಕೂರಲ್ಲ, ತುದಿಯಲ್ಲಿ ಬೆರಳಗಲ ತೆರೆದೇ ಇರುತ್ತದೆ. ಆಗ ಪ್ಯಾನೆಲ್ ‘ಬಾಗಿಲು ತೆರೆದಿದೆ’ ಅಂತ ಹಟ ಹಿಡಿಯುತ್ತದೆ, ಅಲಾರಂ ಆನ್ ಆಗಲ್ಲ. ಕೊಳ್ಳುವಾಗ ಗ್ಯಾಪ್ ಎಷ್ಟು, ಅಂದರೆ ಆಯಸ್ಕಾಂತ ಎಷ್ಟು ದೂರ ಇದ್ದರೂ ಬಾಗಿಲು ಮುಚ್ಚಿದೆ ಅಂತ ಲೆಕ್ಕ, ಅಂತ ನೋಡಿ, 20 ಮಿಲಿಮೀಟರ್ ಆದರೂ ಇರಲಿ. ಸ್ಕೇಲ್ ಇಟ್ಟು ಆಯಸ್ಕಾಂತ ನಿಧಾನ ಸರಿಸಿ, ಸೆನ್ಸರ್‌ನ ಲೈಟ್ ಎಲ್ಲಿ ಮಿನುಗುತ್ತದೆ ನೋಡಿಕೊಳ್ಳಿ. ಕಿಟಕಿಯಲ್ಲಿ ಸರಳಿನಿಂದ ಆದಷ್ಟು ದೂರ ಕೂರಿಸಿ, ಕಬ್ಬಿಣ ಹತ್ತಿರ ಇದ್ದರೆ ಆ ಅಳತೆ ಇನ್ನೂ ಕಡಿಮೆಯಾಗುತ್ತದೆ.

ಜೋಡಿ ಬಾಗಿಲಿನಲ್ಲಿ ಮೇಲೆ ಕೆಳಗೆ ಚಿಲಕ ಹಾಕಿ ನಿಲ್ಲಿಸುವ ರೆಕ್ಕೆಗೆ ಸೆನ್ಸರ್, ಓಡಾಡುವ ರೆಕ್ಕೆಗೆ ಆಯಸ್ಕಾಂತ. ಯಾವ ರೆಕ್ಕೆ ತೆಗೆದರೂ ಕೂಗುತ್ತದೆ. ಎಲ್ಲಾ ಕಿಟಕಿಗೆ ಈಗಲೇ ಬೇಡ. ಎರಡು ಬಾಗಿಲು, ಮೆಣಸಿನ ಕೋಣೆ, ಆ ಕೋಣೆಯ ಕಿಟಕಿ, ಇಷ್ಟಕ್ಕೆ ಹಾಕಿ. ಸಾಧ್ಯವಾದರೆ ಜೂನ್‌ಗೆ ಮೊದಲು.