ಓದುಗರ ಸ್ಪಂದನ: ಅಮ್ಮನ ವೀಣೆ, ಅಮ್ಮನ ಮಾತ್ರೆ

ಕಳೆದ ಸಂಚಿಕೆಯಲ್ಲಿ ಮೈಸೂರಿನ 29 ವರ್ಷದ ಓದುಗಿಯೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಅವರ ಅಮ್ಮ ವೀಣೆ ಟೀಚರ್, ಆಕಾಶವಾಣಿಯ ‘ಬಿ ಹೈ’ ಗ್ರೇಡ್ ಕಲಾವಿದೆ. ಬೈಪೋಲಾರ್ ಕಾಯಿಲೆ. ಮನಸ್ಸು ಏರಿದಾಗ ರಾತ್ರಿ ಎರಡಕ್ಕೆ ವೀಣೆ ಶ್ರುತಿ ಮಾಡುತ್ತಾರೆ, ಹೂವಿನವಳಿಗೆ ಚಿನ್ನದ ಬಳೆ ಬಿಚ್ಚಿ ಕೊಡುತ್ತಾರೆ. ಇಳಿದಾಗ ಎರಡು ತಿಂಗಳು ಗೋಡೆ ಕಡೆ ಮುಖ. ಲಿಥಿಯಂ ಮಾತ್ರೆಯಿಂದ ಕೈ ನಡುಗುತ್ತದೆ ಎಂದು, ‘ಈಗ ಎಲ್ಲಾ ಸ್ವರಕ್ಕೂ ಕಂಪಿತ (ಸ್ವರವನ್ನು ನಡುಗಿಸುವ ಗಮಕ) ಪುಕ್ಕಟೆ’ ಎಂದು ನಕ್ಕು, ಮಾತ್ರೆ ಬಿಟ್ಟರಂತೆ. ಆರು ತಿಂಗಳಿಂದ ಮಗಳು ಅವರಿಗೆ ಗೊತ್ತಾಗದಂತೆ ಮಾತ್ರೆ ಪುಡಿ ಮಾಡಿ ಮೊಸರನ್ನದಲ್ಲಿ ಕಲಸಿ ಕೊಡುತ್ತಿದ್ದಾರೆ. ಅವರ ಪ್ರಶ್ನೆಗಳು: ಇದು ತಪ್ಪಾ? ನನಗೆ ಗಂಡು ನೋಡುತ್ತಿದ್ದಾರೆ, ಅವರ ಮನೆಯವರಿಗೆ ಹೇಳಬೇಕಾ? ನನಗೂ ಬರುತ್ತದಾ? ಕೊನೆಗೊಂದು ಸಾಲು ಬರೆದಿದ್ದರು: ‘ಹೆದರಿ ನಾನು ವೀಣೆಯನ್ನೇ ಕಲಿಯಲಿಲ್ಲ.’

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಮೊದಲು ಮೊಸರನ್ನದ ವಿಷಯ ಹೇಳಿಬಿಡುತ್ತೇನೆ ಮಗಳೇ. ಬೈಯಲು ಬರೆಯುತ್ತಿಲ್ಲ. ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಸಾರಿನಲ್ಲಿ, ಹಾಲಿನಲ್ಲಿ, ಪ್ರಸಾದದಲ್ಲಿ ಮಾತ್ರೆ ಹಾಕಿದ ಎಷ್ಟೋ ಮನೆಯವರನ್ನು ಕಂಡಿದ್ದೇನೆ. ಯಾರೂ ಕೆಟ್ಟವರಲ್ಲ, ಸೋತವರು ಅಷ್ಟೆ.

ಆದರೆ ಲಿಥಿಯಂ ಹಾಗೆ ಕೊಡುವ ಮಾತ್ರೆ ಅಲ್ಲವೇ ಅಲ್ಲ. ಅದರ ಪ್ರಮಾಣ ರಕ್ತದಲ್ಲಿ ಸ್ವಲ್ಪ ಕಮ್ಮಿಯಾದರೆ ಉಪಯೋಗವಿಲ್ಲ, ಸ್ವಲ್ಪ ಜಾಸ್ತಿಯಾದರೆ ವಿಷ. ಅದಕ್ಕೇ ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು. ಜೊತೆಗೆ ಕಿಡ್ನಿ, ಥೈರಾಯ್ಡ್ ಕೂಡ ನೋಡಬೇಕು. ಮಾತ್ರೆ ಕದ್ದು ಕೊಡಬಹುದು, ರಕ್ತ ಕದ್ದು ತೆಗೆಯೋಕಾಗುತ್ತಾ? ಇನ್ನೊಂದು, ಕೆಲವು ಲಿಥಿಯಂ ಮಾತ್ರೆಗಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗಲೆಂದೇ ಮಾಡಿದವು. ಪುಡಿ ಮಾಡಿದರೆ ಎಲ್ಲ ಒಮ್ಮೆಲೇ ಮೈಗಿಳಿಯುತ್ತದೆ. ಬೇಸಿಗೆಯಲ್ಲಿ ಭೇದಿಯಾಗಿ ನೀರು ಕಮ್ಮಿಯಾದರೂ ಅಪಾಯ. ಮಂಡಿ ನೋವಿಗೆ ಐಬುಪ್ರೊಫೆನ್ ನುಂಗಿದರೂ ರಕ್ತದಲ್ಲಿ ಲಿಥಿಯಂ ಏರುತ್ತದೆ. ತಾನು ಲಿಥಿಯಂ ತಗೊಳ್ಳುತ್ತಿದ್ದೇನೆ ಎಂದೇ ಗೊತ್ತಿಲ್ಲದವರು ಮೆಡಿಕಲ್ ಶಾಪಿನವನಿಗೆ ಏನು ಹೇಳುತ್ತಾರೆ? ವಾಂತಿ, ತೊದಲು ಮಾತು, ನಡೆಯುವಾಗ ಓಲಾಟ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಹಾಗಂತ ನಾಳೆಯಿಂದಲೇ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಎದ್ದು ಬರುತ್ತದೆ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ಇದ್ದದ್ದು ಇದ್ದಂತೆ ಹೇಳಿ. ಕೈ ನಡುಕಕ್ಕೆ ದಾರಿಗಳಿವೆ. ಡೋಸ್ ಕಮ್ಮಿ ಮಾಡಬಹುದು, ನಡುಕಕ್ಕೇ ಒಂದು ಚಿಕ್ಕ ಮಾತ್ರೆ ಸೇರಿಸಬಹುದು, ಬೇರೆ ಔಷಧಿಗೆ ಬದಲಾಯಿಸಬಹುದು. ‘ನನ್ನ ಅಮ್ಮ ವೀಣೆ ನುಡಿಸುವವರು’ ಎಂದು ಡಾಕ್ಟರಿಗೆ ಹೇಳಿದ್ದೀರಾ? ನಿಮ್ಮ ಪತ್ರ ಓದಿದಾಗಿನಿಂದ ನನಗೆ ಇದೇ ಅನುಮಾನ. ಕೇಸ್ ಶೀಟಿನಲ್ಲಿ ‘ಗೃಹಿಣಿ’ ಅಂತ ಬರೆದಿರುತ್ತಾರೆ, ಬೆರಳಿನ ಬೆಲೆ ಯಾರಿಗೂ ಗೊತ್ತಾಗುವುದಿಲ್ಲ. ಕಾಫಿಯಿಂದಲೂ ನಡುಕ ಹೆಚ್ಚುತ್ತದೆ. ಆದರೆ ಡಾಕ್ಟರನ್ನು ಕೇಳದೆ ಒಮ್ಮೆಲೇ ಬಿಡಿಸಬೇಡಿ, ಅದರಿಂದಲೂ ಲಿಥಿಯಂ ಮಟ್ಟ ಏರುಪೇರಾಗುತ್ತದೆ.

ನಿಮಗೂ ಬರುತ್ತದಾ ಅಂದಿರಿ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಬೈಪೋಲಾರ್ ಇದ್ದರೆ ಮಕ್ಕಳಲ್ಲಿ ಸುಮಾರು ನೂರಕ್ಕೆ ಐದರಿಂದ ಹತ್ತು ಮಂದಿಗೆ ಬರಬಹುದು. ಉಳಿದವರಿಗಿಂತ ಜಾಸ್ತಿ, ನಿಜ. ಆದರೆ ತೊಂಬತ್ತು ಮಂದಿಗೆ ಬರುವುದಿಲ್ಲ. ಇನ್ನು, ವೀಣೆಯಿಂದ ಯಾರಿಗೂ ಬರುವುದಿಲ್ಲ.

– ನಿವೃತ್ತ ನರ್ಸ್, ಬೆಂಗಳೂರು

*

ಮದುವೆ ವಿಷಯಕ್ಕೆ ಮಾತ್ರ ನನ್ನ ಉತ್ತರ. ನನ್ನ ಹೆಂಡತಿಯ ಅಮ್ಮನಿಗೂ ಇದೇ ಕಾಯಿಲೆ. ನಮಗೆ ಹೇಳಿರಲಿಲ್ಲ. ಮದುವೆಯಾದ ಮೊದಲ ದೀಪಾವಳಿಗೆ ಮಾವನ ಮನೆಯಲ್ಲಿ ಬಾಚಣಿಗೆ ಹುಡುಕುವಾಗ ಮಾತ್ರೆಯ ಸ್ಟ್ರಿಪ್ಪುಗಳು ಸಿಕ್ಕವು. ಮೊದಲೇ ಹೇಳಿದ್ದರೂ ನಾನು ಮದುವೆಯಾಗುತ್ತಿದ್ದೆ, ದೇವರಾಣೆ. ಬೇಜಾರಾಗಿದ್ದು ಕಾಯಿಲೆಗಲ್ಲ. ಅಷ್ಟು ದಿನ ನನ್ನ ಹೆಂಡತಿ ಒಬ್ಬಳೇ ಅದನ್ನು ಬಚ್ಚಿಟ್ಟುಕೊಂಡು ನಮ್ಮ ಮನೆಯಲ್ಲಿ ನಗುತ್ತಾ ಓಡಾಡಿದಳಲ್ಲ, ಅದಕ್ಕೆ. ಹುಡುಗನಿಗೆ ನೀವೇ ಹೇಳಿ. ಬ್ರೋಕರ್ ಬಾಯಲ್ಲಿ ಹೇಳಿಸಬೇಡಿ.

– ಅಳಿಯ, ತುಮಕೂರು

*

ದಯವಿಟ್ಟು ಹೇಳಬೇಡಿ. ನಾನು ಹೇಳಿದೆ. ಮೂರು ಸಂಬಂಧ ತಪ್ಪಿದವು. ನಾಲ್ಕನೆಯದಕ್ಕೆ ಸುಮ್ನಿದ್ದೆ. ಇವತ್ತು ಎರಡು ಮಕ್ಕಳ ತಾಯಿ. ಸರಿ ತಪ್ಪು ನನಗೆ ಗೊತ್ತಿಲ್ಲ.

– ಊರು, ಹೆಸರು ಬೇಡ

*

ಬೆಂಗಳೂರಿಗೆ ಅಲೆಯಲು ಆಗದ ನನ್ನಂಥವರಿಗಾಗಿ ಎರಡು ಸಾಲು. ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನನ್ನ ತಮ್ಮನಿಗೆ ಅಲ್ಲೇ ತೋರಿಸುತ್ತಿದ್ದೇನೆ. ನಿಮ್ಮ ತಾಲ್ಲೂಕಿಗೆ ತಿಂಗಳ ಎಷ್ಟನೇ ಮಂಗಳವಾರ ಬರುತ್ತಾರೆ ಎಂದು ಮೊದಲೇ ಕೇಳಿಕೊಂಡು ಹೋಗಿ. ನಮ್ಮಲ್ಲಿ ಅವತ್ತೇ ಸಂತೆ, ರಶ್ ಇರುತ್ತದೆ.

– ರೈತ, ಹಾವೇರಿ ಜಿಲ್ಲೆ

*

ತಂಗೀ, ನಿನ್ನ ಪತ್ರದ ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿಟ್ಟೆ. ನಮ್ಮವ್ವನದು ಕಸೂತಿ. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕೂ ಹೊಲಿಗೆ ಬರುತ್ತಿದ್ದವು. ಗವಂತಿಯಲ್ಲಿ ಗಂಟು ಹಾಕುವಂತಿಲ್ಲ, ಮೇಲೆ ಹೇಗೋ ಕೆಳಗೂ ಹಾಗೇ ಕಾಣಬೇಕು. ನೀಲಿ ಗೀಟು ಹಾಕಿಕೊಳ್ಳದೆ, ಬರೀ ಎಳೆ ಎಣಿಸಿ ಅವ್ವ ಇಳಕಲ್ ಸೀರೆ ಸೆರಗಿನ ಮೇಲೆ ಗೋಪುರ ಎಬ್ಬಿಸುತ್ತಿದ್ದಳು. ‘ನಿಮ್ಮವ್ವನ ಕೈ ಬಂಗಾರ’ ಎನ್ನುತ್ತಿದ್ದ ಓಣಿಯ ಹೆಂಗಸರೇ ನಾನು ಮುಂದೆ ಹೋದ ಮೇಲೆ ‘ಹುಚ್ಚಿ ಮಗಳು’ ಅನ್ನುತ್ತಿದ್ದರು. ಎರಡೂ ಕಿವಿಗೆ ಬೀಳುತ್ತಿತ್ತು.

ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮುಂಚೆ ನನ್ನ ಕಿವಿ ಮನೆಯೊಳಗೆ ಹೋಗುತ್ತಿತ್ತು. ರೇಡಿಯೋ ಜೋರಿದ್ದರೆ ಒಂದು ಥರ ಭಯ, ಮನೆ ತಣ್ಣಗಿದ್ದರೆ ಇನ್ನೊಂದು ಥರ. ಈಗ ನನಗೆ 47. ಇವತ್ತಿಗೂ ನನ್ನ ಸ್ವಂತ ಮನೆಗೆ ಬರುವಾಗ ಒಂದು ಗಳಿಗೆ ಬಾಗಿಲಲ್ಲಿ ನಿಲ್ಲುತ್ತೇನೆ. ನೀನೂ ನಿಲ್ಲುತ್ತೀಯ, ಅಲ್ವಾ?

ಅವ್ವ ಏರತೊಡಗಿದ್ದು ಎಲ್ಲರಿಗಿಂತ ಮೊದಲು ಕಸೂತಿಗೆ ಗೊತ್ತಾಗುತ್ತಿತ್ತು. ಮೊದಲು ನಿದ್ದೆ ಕಮ್ಮಿ. ಆಮೇಲೆ ಒಂದು ಮುಗಿಸದೆ ಐದು ಸೀರೆ ಶುರು. ಆಮೇಲೆ ಎಳೆ ತಪ್ಪುವುದು. ಊರಿನವರು ‘ಆಹಾ, ಏನು ಹುರುಪು!’ ಎನ್ನುತ್ತಿದ್ದಾಗ ಸೀರೆ ತಿರುಗಿಸಿ ನೋಡಿದರೆ ಕೆಳಗೆ ಗಂಟು. ಹುಚ್ಚು ಇರುವುದರಿಂದಲೇ ಕಲೆ ಎಂದು ದೊಡ್ಡದಾಗಿ ಮಾತಾಡುವವರಿಗೆ ಆ ಸೀರೆಗಳನ್ನು ತೋರಿಸಬೇಕು. ಅವ್ವನ ಒಳ್ಳೆಯ ಕೆಲಸವೆಲ್ಲ ಮಾತ್ರೆ ತಗೊಂಡು, ಚಹಾ ಕುಡಿದು, ಮಧ್ಯಾಹ್ನದ ಬೆಳಕಿನಲ್ಲಿ ಕೂತು ಮಾಡಿದ್ದು. ಎಳೆ ತಪ್ಪಿತು ಅಂದರೆ ನಾನು ಹೋಗಿ ‘ಯವ್ವಾ, ನಿನ್ನೆ ರಾತ್ರಿ ನಿದ್ದಿ ಬಂತೇನು?’ ಅಂತ ಕೇಳುತ್ತಿದ್ದೆ. ಅವಳಿಗೂ ಅರ್ಥವಾಗುತ್ತಿತ್ತು. ಕೆಲವು ಸಲ ತಾನೇ ಎದ್ದು ಸೀರೆ ಉಟ್ಟುಕೊಂಡು ‘ನಡಿ, ದವಾಖಾನಿಗೆ’ ಅನ್ನುತ್ತಿದ್ದಳು. ಕೆಲವು ಸಲ ಕತ್ತರಿ ಎಸೆಯುತ್ತಿದ್ದಳು. ನಿಮ್ಮಮ್ಮನ ವೀಣೆಯಲ್ಲೂ ಅಂಥ ಗುರುತು ಏನಾದರೂ ಇದ್ದೇ ಇರುತ್ತದೆ. ಬಹುಶಃ ತಾಳದಲ್ಲಿ. ಅದನ್ನು ನೀನು ಹಿಡಿಯಬೇಕಾದರೂ ವೀಣೆ ಸ್ವಲ್ಪ ಗೊತ್ತಿರಬೇಕಲ್ಲ.

ಈಗ ಡಿಮ್ಹಾನ್ಸ್ ಎನ್ನುವ ಮನೋರೋಗದ ಆಸ್ಪತ್ರೆ ಆಗಲೂ ನಮ್ಮೂರಲ್ಲೇ ಇತ್ತು. ಗುರುತಿನವರು ನೋಡಿಯಾರು ಅಂತ ಅಪ್ಪ ಅವಳನ್ನು ದೂರದ ಊರಿಗೆ ರಾತ್ರಿ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ನಿದ್ದೆಗೆಟ್ಟರೆ ಜಾಸ್ತಿಯಾಗುವ ಕಾಯಿಲೆಯವಳನ್ನು ರಾತ್ರಿ ಬಸ್ಸಿನಲ್ಲಿ!

ಇನ್ನೊಂದು. ‘ಸಿಟ್ಟು ಕಾಯಿಲೆ ಮೇಲಿರಲಿ, ಅವ್ವನ ಮೇಲೆ ಬೇಡ’ ಎಂದು ಎಲ್ಲರೂ ಹೇಳಿದರು. ಹನ್ನೊಂದು ವರ್ಷದ ಹುಡುಗಿಗೆ ಎರಡನ್ನೂ ಬೇರೆ ಮಾಡುವುದು ಹೇಗೆ? ನಾನು ಅವ್ವನ ಮೇಲೇ ಸಿಟ್ಟಾದೆ. ಅದಕ್ಕೆ ಸೂಜಿ ಮುಟ್ಟಲಿಲ್ಲ. ಮುಟ್ಟಿದ್ದು ಅವಳು ಹೋದ ಮೇಲೆ. ಪೆಟ್ಟಿಗೆಯಲ್ಲಿ ಅರ್ಧ ಮುಗಿದ ಸೆರಗೊಂದಿದೆ. ಮೂರನೇ ಗೋಪುರದಲ್ಲಿ ಒಂದು ಎಳೆ ತಪ್ಪಿದೆ. ಹಾಗೇ ಮುಂದುವರಿಸಿದರೆ ಗೋಪುರ ವಾಲುತ್ತದೆ, ಬಿಚ್ಚಿದರೆ ಅವ್ವನ ಕೈ ಹೋಗುತ್ತದೆ. ಇನ್ನೂ ಹಾಗೇ ಇಟ್ಟಿದ್ದೇನೆ.

– ನಿನ್ನ ಅಕ್ಕನಂಥವಳು, ಧಾರವಾಡ

*

ಎಲ್ಲರೂ ಮಗಳಿಗೆ ಬರೆಯುತ್ತಾರೆ. ನಾನು ಆ ಅಮ್ಮ. ನಿಮ್ಮ ಅಮ್ಮ ಅಲ್ಲ, ಅಂಥದೇ ಒಬ್ಬಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಕವನ ಬರೆಯುತ್ತೇನೆ.

ನನ್ನ ಮಗಳು ಮಜ್ಜಿಗೆಯಲ್ಲಿ ಹಾಕುತ್ತಿದ್ದಳು. ಗೊತ್ತಾಯಿತು. ಆಮೇಲೆ ಒಂದು ವರ್ಷ ನಾನು ಅವಳ ಕೈಯಿಂದ ಒಂದು ಲೋಟ ನೀರೂ ಕುಡಿಯಲಿಲ್ಲ. ಬೇರೆ ಒಲೆ ಹೂಡಿ ಬೇಯಿಸಿಕೊಂಡೆ. ಕಾಯಿಲೆಯಿಂದ ಹಾಗಾಡುತ್ತಾಳೆ ಎಂದರು. ಅಲ್ಲ, ಅದು ನಾನು ಪೂರಾ ಬುದ್ಧಿಯಿಂದಲೇ ಮಾಡಿದ್ದು.

ಅವಳಿಗೆ ಬೇರೆ ದಾರಿ ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಆದರೂ ಚೆನ್ನಾಗಿದ್ದ ದಿನಗಳಲ್ಲಿ ಯಾರಾದರೂ ಕೂರಿಸಿಕೊಂಡು ‘ಮುಂದಿನ ಸಲ ಹೀಗಾದರೆ ಏನು ಮಾಡೋಣ ಹೇಳು’ ಎಂದು ಕೇಳಬಹುದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಬುದ್ಧಿ ಸರಿಯಿದ್ದಾಗಲೇ ಬರೆದಿಡಬಹುದು: ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು. ನಾನು ಬರೆದಿಟ್ಟಿದ್ದೇನೆ. ನನ್ನ ಪರ ಮಾತಾಡಲು ಮಗಳ ಹೆಸರು ಕೊಟ್ಟಿಲ್ಲ, ತಂಗಿಯ ಹೆಸರು ಕೊಟ್ಟಿದ್ದೇನೆ. ಮಗಳಿಗೆ ಮೊದಲು ಬೇಜಾರಾಯಿತು. ಅವಳು ಬಂದಾಗ ಮಾತ್ರೆ ಎಣಿಸದೆ ಸುಮ್ನೆ ಕೂತು ಹಲಸಿನ ಹಪ್ಪಳ ತಿನ್ನಲಿ ಎಂದು ಹಾಗೆ ಮಾಡಿದೆ.

ಏರಿದಾಗ ಒಂದೇ ವಾರದಲ್ಲಿ ನಲವತ್ತು ಕವನ ಬರೆದಿದ್ದೆ. ಇಳಿದ ಮೇಲೆ ಓದಿದೆ. ಎರಡು ಇಟ್ಟುಕೊಂಡೆ, ಅವನ್ನೂ ಎಂಟು ಸಲ ತಿದ್ದಿದೆ. ನಿಮ್ಮ ಅಮ್ಮನಿಗೆ ಇದನ್ನು ಓದಿ ಹೇಳಿ. ನೀವು ಹೇಳಿದ್ದು ಅನ್ನಬೇಡಿ, ಶಿವಮೊಗ್ಗದ ಹೆಂಗಸೊಬ್ಬಳು ಹೇಳಿದಳು ಅನ್ನಿ. ಮಕ್ಕಳ ಮಾತನ್ನು ನಾವು ಕೇಳುವುದಿಲ್ಲ.

– ಒಬ್ಬ ಅಮ್ಮ, ಶಿವಮೊಗ್ಗ

*

ನಾನು ಹತ್ತನೇ ಕ್ಲಾಸು. ನನ್ನ ಅಮ್ಮ ತುಂಬ ಚೆನ್ನಾಗಿ ಹಾಡ್ತಾರೆ. ನಿಮ್ಮ ಪತ್ರ ಓದಿ ಎರಡು ಸಲ ಅತ್ತೆ. ಮನೇಲಿ ಮಾತ್ರೆ ಕೊಡೋದು ನಾನೇ, ಅಪ್ಪ ದುಬೈನಲ್ಲಿದ್ದಾರೆ. ಎದುರಿಗೇ ನುಂಗಿಸ್ತೀನಿ, ಆಮೇಲೆ ನಾಲಿಗೆ ಎತ್ತಿ ತೋರಿಸಿ ಅಂತೀನಿ. ಅಮ್ಮ ತೋರಿಸ್ತಾರೆ. ನನಗೆ ಅದು ಇಷ್ಟ ಇಲ್ಲ. ನಾಳೆ ಗಣಿತ ಪರೀಕ್ಷೆ ಇದೆ.

– ಓದುಗಿ, ದಕ್ಷಿಣ ಕನ್ನಡ

(ಈ ವಿದ್ಯಾರ್ಥಿನಿಗೆ ನಾವು ಪ್ರತ್ಯೇಕವಾಗಿ ಬರೆದಿದ್ದೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. – ಸಂ.)